ಒಂದು ಮನೆಯ ಖರ್ಚಿನಲ್ಲಿ ಹದಿನೈದು ಮನೆ

ಭಾಗ 1/8

ಮೊದಲು ಫೋಟೋ ನೋಡಿ. ಸೇತುವೆ ಗಟ್ಟಿಯಾಗಿ ನಿಂತಿದೆ. ಆದರೆ ಅದರ ಕೆಳಗೆ ನದಿ ಇಲ್ಲ. ನದಿ ಪಕ್ಕದಲ್ಲಿ ಹರೀತಾ ಇದೆ. ಸೇತುವೆಯ ಎರಡೂ ತುದಿಗೆ ಬಂದು ಸೇರಬೇಕಾದ ರಸ್ತೆಯೂ ಇಲ್ಲ. ಎಡಿಟ್ ಮಾಡಿದ ಫೋಟೋ ಅಲ್ಲ ಇದು, ನಿಜವಾದದ್ದು.

ಊರಿನ ಹೆಸರು ಚೊಲುಟೆಕಾ. ದೇಶ ಹೊಂಡುರಾಸ್, ಮಧ್ಯ ಅಮೆರಿಕದಲ್ಲಿದೆ, ನಮ್ಮ ಕರ್ನಾಟಕಕ್ಕಿಂತ ಚಿಕ್ಕದು. ಜಪಾನಿನ ನೆರವಿನಲ್ಲಿ, ಜಪಾನಿನ ಕಂಪನಿಯೇ ಕಟ್ಟಿಕೊಟ್ಟ ಸೇತುವೆ ಇದು. ಕೆಲಸ ಮುಗಿದದ್ದು 1998ರಲ್ಲಿ. ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ಮಿಚ್ ಅನ್ನೋ ಚಂಡಮಾರುತ ಬಂತು. ಸೇತುವೆಗೆ ಏನೂ ಆಗಲಿಲ್ಲ. ನದಿಯೇ ಜಾಗ ಬದಲಾಯಿಸಿಬಿಡ್ತು.

ಮೋಟಿವೇಷನ್ ಪೇಜುಗಳಲ್ಲಿ ಈ ಫೋಟೋ ಹಾಕಿ ‘ಬದಲಾವಣೆಗೆ ಸಿದ್ಧರಾಗಿ’ ಅಂತ ಬರೆದಿರೋದನ್ನ ನೀವೂ ನೋಡಿರಬಹುದು. ನಾನು ಆ ಕಡೆ ಹೋಗಲ್ಲ. ನಾನು ಹೇಳಬೇಕಿರೋದು ಆ ಪ್ರವಾಹ ಇಳಿದ ಮೇಲೆ ಹೊಂಡುರಾಸಿಗೆ ಮನೆ ಕಟ್ಟೋಕೆ ಬಂದವರ ಕಥೆ. ಒಂದೇ ಬಣ್ಣದ ಟೀಶರ್ಟ್ ಹಾಕ್ಕೊಂಡು, ವಿಮಾನ ಹತ್ತಿ, ಒಂದೊಂದು ವಾರಕ್ಕೆ ಬಂದವರು. ಹೆಚ್ಚಿನವರು ಅಮೆರಿಕ, ಕೆನಡಾದ ಚರ್ಚುಗಳಿಂದ. ಕೆಟ್ಟ ಜನ ಅಲ್ಲ. ಅದಕ್ಕೇ ಈ ಕಥೆ ಬರೆಯೋದು ಕಷ್ಟ.

ಭಾಗ 2/8

ಮಿಚ್ ಅಕ್ಟೋಬರ್ 26ರಂದು ಕೆರಿಬಿಯನ್ ಸಮುದ್ರದ ಮೇಲೆ ಐದನೇ ದರ್ಜೆ ಮುಟ್ಟಿತ್ತು, ಅಂದ್ರೆ ಅತಿ ಪ್ರಬಲ. ಆದರೆ ಜನರನ್ನ ಕೊಂದದ್ದು ಗಾಳಿಗಿಂತ ಹೆಚ್ಚಾಗಿ ಮಳೆ. ಚಂಡಮಾರುತ ಮುಂದಕ್ಕೆ ಹೋಗದೆ ಹೊಂಡುರಾಸಿನ ಉತ್ತರ ಕರಾವಳಿಯ ಹತ್ತಿರ ನಿಂತುಬಿಡ್ತು. ಗ್ವಾನಹಾ ಅನ್ನೋ ದ್ವೀಪದ ಮೇಲೆ ದಿನಗಟ್ಟಲೆ ಬಡೀತು. ಆಮೇಲೆ ನಿಧಾನಕ್ಕೆ ಒಳನಾಡಿಗೆ ನುಗ್ಗಿ ಬೆಟ್ಟಗಳ ಮೇಲೆ ಸುರಿದೇ ಸುರೀತು.

ರಾಜಧಾನಿ ಟೆಗುಸಿಗಾಲ್ಪಾ ಬೆಟ್ಟಗಳ ನಡುವಿನ ಊರು. ಬಡವರ ಮನೆಗಳು ಇಳಿಜಾರಿನ ಮೇಲೆ. ಬೆರ್ರಿಂಚೆ ಅನ್ನೋ ಗುಡ್ಡ ಜಾರಿ ಬಂದು ನದಿಗೇ ಅಡ್ಡ ಬಿತ್ತು, ನೀರು ಹಿಂದಕ್ಕೆ ನುಗ್ಗಿ ಊರಿನ ತಗ್ಗು ಭಾಗವೆಲ್ಲ ಮುಳುಗಿತು. ಆ ನದಿಯೂ ಚೊಲುಟೆಕಾನೇ. ರಾಜಧಾನಿಯಲ್ಲಿ ಹಾಳು ಮಾಡಿ, ಕೆಳಗೆ ಹರಿದು, ಮೊದಲ ಫೋಟೋದ ಸೇತುವೆಯನ್ನ ಅನಾಥ ಮಾಡಿದ್ದು ಅದೇ ನದಿ. ಹಾನಿ ನೋಡೋಕೆ ಹೆಲಿಕಾಪ್ಟರ್ ಹತ್ತಿದ ರಾಜಧಾನಿಯ ಮೇಯರ್ ಸೆಸಾರ್ ಕಾಸ್ತೆಯಾನೋಸ್, ನವೆಂಬರ್ 1ರಂದು ಅದು ಬಿದ್ದು ತೀರಿಕೊಂಡರು. ಪಕ್ಕದ ನಿಕರಾಗುವಾದಲ್ಲಿ ಕಾಸಿತಾ ಜ್ವಾಲಾಮುಖಿಯ ಇಳಿಜಾರು ಕುಸಿದು ಹಳ್ಳಿಗೆ ಹಳ್ಳಿಯೇ ಮಣ್ಣಾಯ್ತು.

ಮಧ್ಯ ಅಮೆರಿಕದಲ್ಲಿ ಒಟ್ಟು ಸತ್ತವರು 11,000ದ ಆಸುಪಾಸು. ಹೊಂಡುರಾಸೊಂದರಲ್ಲೇ 5,000ಕ್ಕೂ ಹೆಚ್ಚು ಸಾವು ದಾಖಲಾಯ್ತು, ಕಾಣೆಯಾದವರು ಬೇರೆ ಸಾವಿರಾರು. 30,000ಕ್ಕೂ ಹೆಚ್ಚು ಮನೆ ಪೂರ್ತಿ ನೆಲಸಮ. ಬಾಳೆ ತೋಟಗಳು ಹೋದವು, ಜೊತೆಗೆ ಕೂಲಿಯೂ ಹೋಯ್ತು. ಐವತ್ತು ವರ್ಷದ ಪ್ರಗತಿ ಕೆಲವೇ ದಿನದಲ್ಲಿ ಕೊಚ್ಚಿ ಹೋಯ್ತು ಅಂತ ಅಧ್ಯಕ್ಷ ಕಾರ್ಲೋಸ್ ಫ್ಲೋರೆಸ್ ಹೇಳಿದ್ರು.

ಈ ಕೊನೆಯ ಎರಡು ವಿಷಯ ನೆನಪಿಟ್ಟುಕೊಳ್ಳಿ: ಮನೆ ಇಲ್ಲ, ಕೂಲಿ ಇಲ್ಲ. ಭಾಗ 4ರಲ್ಲಿ ಬೇಕಾಗುತ್ತೆ.

ಭಾಗ 3/8

ಮಿಷನ್ ಅಂದ ಕೂಡಲೇ ಕನ್ನಡದವರಿಗೆ ನೆನಪಾಗೋದು ಕಿಟ್ಟೆಲ್. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದರು, ಅವರ ನಿಘಂಟು ಹೊರಬಂದದ್ದು 1894ರಲ್ಲಿ. ಮಧ್ಯೆ ನಲವತ್ತು ವರ್ಷ! ಅದೇ ಮಿಷನ್ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡ್ತು. ಅವರ ಬಗ್ಗೆ ನಿಮಗೆ ತಕರಾರಿರಬಹುದು, ಇರಲಿ. ಆದರೆ ಅವರು ಬಂದರೆ ಉಳೀತಿದ್ರು, ಭಾಷೆ ಕಲೀತಿದ್ರು, ಎಷ್ಟೋ ಜನ ಇಲ್ಲೇ ಮಣ್ಣಾದ್ರು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಬೇರೆ ಥರದ್ದು ಹುಟ್ಟಿತು. 1957ರಲ್ಲಿ ಜಾರ್ಜ್ ವರ್ವರ್ ಅನ್ನೋ ಕಾಲೇಜು ಹುಡುಗ ಗೆಳೆಯರ ಜೊತೆ ರಜೆಯಲ್ಲಿ ಮೆಕ್ಸಿಕೋಗೆ ಹೋದ, ಅದು ಆಪರೇಷನ್ ಮೊಬಿಲೈಸೇಷನ್ ಅನ್ನೋ ದೊಡ್ಡ ಸಂಸ್ಥೆ ಆಯ್ತು. 1960ರಲ್ಲಿ ಲೊರೆನ್ ಕನಿಂಗ್‌ಹ್ಯಾಮ್ ‘ಯೂತ್ ವಿತ್ ಎ ಮಿಷನ್’ ಶುರು ಮಾಡಿದ. ವಿಮಾನ ಟಿಕೆಟ್ ಅಗ್ಗ ಆದ ಹಾಗೆ ಇದು ಊರೂರಿನ ಚರ್ಚಿಗೂ ಬಂತು. ಬೇಸಿಗೆ ರಜೆ, ಹದಿನೈದು-ಇಪ್ಪತ್ತು ಜನರ ತಂಡ, ಒಂದು ವಾರ ಅಥವಾ ಹತ್ತು ದಿನ. ಇದಕ್ಕೆ ಹೆಸರು ಶಾರ್ಟ್ ಟರ್ಮ್ ಮಿಷನ್. 2000ದ ದಶಕಕ್ಕೆ ಬರುವಷ್ಟರಲ್ಲಿ ಅಮೆರಿಕದ ಚರ್ಚುಗಳಿಂದ ವರ್ಷಕ್ಕೆ ಸುಮಾರು 16 ಲಕ್ಷ ಜನ ಹೀಗೆ ಹೊರದೇಶಕ್ಕೆ ಹೋಗ್ತಾರೆ ಅಂತ ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೊ ಅಂದಾಜು ಮಾಡಿದ್ರು. ಹದಿನಾರು ಲಕ್ಷ, ಪ್ರತಿ ವರ್ಷ.

ದುಡ್ಡು ಎಲ್ಲಿಂದ? ಹೋಗೋ ಹುಡುಗ ನೆಂಟರಿಗೆ, ಪಕ್ಕದ ಮನೆಯವರಿಗೆ, ಸಭೆಯವರಿಗೆ ಕಾಗದ ಬರೀತಾನೆ. ಕಾರು ತೊಳೆದು, ಕೇಕ್ ಮಾರಿ ಒಟ್ಟು ಮಾಡ್ತಾರೆ. ಭಾನುವಾರ ಆರಾಧನೆಯಲ್ಲಿ ತಂಡವನ್ನ ಮುಂದೆ ನಿಲ್ಲಿಸಿ ಪ್ರಾರ್ಥನೆ ಮಾಡಿ ಕಳಿಸ್ತಾರೆ. ವಾಪಸ್ ಬಂದ ಮೇಲೆ ಫೋಟೋ ತೋರಿಸಿ ಸಾಕ್ಷಿ ಹೇಳ್ತಾರೆ, ಕೇಳೋರ ಕಣ್ಣಲ್ಲಿ ನೀರು. ನಾನು ಇದನ್ನ ಗೇಲಿ ಮಾಡ್ತಿಲ್ಲ. ನಾನೂ ಹಾಗೆ ಮುಂದೆ ನಿಂತವಳೇ. ಅದು ಭಾಗ 8ರಲ್ಲಿ.

ಮಿಚ್ ಆದ ಮೇಲೆ ಹೊಂಡುರಾಸಿಗೆ ಇಂಥ ತಂಡಗಳ ಸಾಲು ಶುರುವಾಯ್ತು. ಮಣ್ಣು ಅಗೆದರು, ಸಿಮೆಂಟ್ ಕಲಸಿದರು, ಬ್ಲಾಕ್ ಹೊತ್ತರು. ಮನೆ ಎದ್ದು ನಿಂತವು.

ಭಾಗ 4/8

ಈಗ ನನ್ನ ಸಬ್ಜೆಕ್ಟ್. ಕಾಸ್ಟಿಂಗ್ 🙂

ಕರ್ಟ್ ವರ್ ಬೀಕ್ ಅಂತ ಒಬ್ಬ ಸಮಾಜಶಾಸ್ತ್ರಜ್ಞ. ಆಗ ಅಮೆರಿಕದ ಕ್ಯಾಲ್ವಿನ್ ಕಾಲೇಜಿನ ಪ್ರಾಧ್ಯಾಪಕರಾಗಿದ್ರು, ಅದು ಕ್ರೈಸ್ತರದ್ದೇ ಕಾಲೇಜು. ಆದರೆ ವಾಸ ಹೊಂಡುರಾಸಿನಲ್ಲಿ, ಮಿಚ್ ಬರೋ ಮೊದಲಿಂದಲೂ. ಅಂದ್ರೆ ಹೊರಗಿನಿಂದ ಕಲ್ಲು ಹೊಡೆದವರಲ್ಲ, ಒಳಗಿನವರು. ಮಿಚ್ ನಂತರ ಚರ್ಚ್ ತಂಡಗಳು ಕಟ್ಟಿದ ಮನೆಗಳನ್ನ, ಹೊಂಡುರಾಸಿನ ಕ್ರೈಸ್ತ ಸಂಸ್ಥೆಗಳೇ ಸ್ಥಳೀಯರಿಂದ ಕಟ್ಟಿಸಿದ ಮನೆಗಳ ಪಕ್ಕ ಇಟ್ಟು ನೋಡಿದರು. ಅಧ್ಯಯನ 2006ರಲ್ಲಿ ‘ಮಿಸಿಯಾಲಜಿ’ ಅನ್ನೋ ಪತ್ರಿಕೆಯಲ್ಲಿ ಬಂತು.

ಒಂದು ಮನೆ ಕಟ್ಟೋಕೆ ತಗಲಿದ್ದು ಸುಮಾರು 2,000 ಡಾಲರ್. ಆ ಮನೆ ಕಟ್ಟೋಕೆ ಒಂದು ತಂಡ ಬಂದು ಹೋಗೋಕೆ ತಗಲಿದ್ದು ಸುಮಾರು 30,000 ಡಾಲರ್.

ಇನ್ನೊಂದು ಸಲ ಓದಿ.

1998ರಲ್ಲಿ ಡಾಲರ್ ಬೆಲೆ ನಮ್ಮಲ್ಲಿ 42 ರೂಪಾಯಿಯ ಆಸುಪಾಸು. ಅಂದ್ರೆ 85 ಸಾವಿರದ ಮನೆಗೆ 12-13 ಲಕ್ಷದ ಸಾಗಣೆ ಖರ್ಚು. ನಮ್ಮ ಕಾಸ್ಟಿಂಗ್ ಸರ್ ಆಗಿದ್ರೆ ಚಾಕ್‌ಪೀಸ್ ಕೆಳಗಿಟ್ಟು ಕ್ಲಾಸ್ ಕಡೆ ತಿರುಗಿ ‘ಓವರ್‌ಹೆಡ್ ನೋಡ್ರಪ್ಪಾ’ ಅಂತಿದ್ರು. ವಿಮಾನ, ಹೋಟೆಲ್, ಊಟ, ವ್ಯಾನು, ವಿಮೆ, ಕೊನೆ ದಿನ ಬೀಚು. ಇದರಲ್ಲಿ ಯಾವುದೂ ಗೋಡೆಗೆ ಹೋಗಲ್ಲ.

ಹಾಗಾದ್ರೆ ಬರದೆ ದುಡ್ಡು ಮಾತ್ರ ಕಳಿಸಿದ್ದರೆ? 30,000 ಭಾಗಿಸು 2,000. ಹದಿನೈದು ಮನೆ. ಒಂದು ಕುಟುಂಬದ ಜಾಗದಲ್ಲಿ ಹದಿನೈದು ಕುಟುಂಬ.

ಅಷ್ಟೇ ಅಲ್ಲ. ಬಾಳೆ ತೋಟ ಹೋಗಿ ಕೂಲಿ ಇಲ್ಲ ಅಂದೆನಲ್ಲ, ಭಾಗ 2ರಲ್ಲಿ? ಹದಿನೈದು ಮನೆ ಕಟ್ಟೋಕೆ ಗಾರೆ ಕೆಲಸದವರು ಬೇಕು, ಬಡಗಿ ಬೇಕು, ಕೈಯಾಳು ಬೇಕು. ಆ ಸಂಬಳ ಊರಿನಲ್ಲೇ ಉಳಿದು ಅಕ್ಕಿ ಅಂಗಡಿಗೆ, ಔಷಧಿಗೆ, ಮಕ್ಕಳ ಪುಸ್ತಕಕ್ಕೆ ಹೋಗುತ್ತೆ. ಅದರ ಬದಲು, ಜೀವಮಾನದಲ್ಲಿ ಕರಣೆ ಹಿಡಿಯದ ಹತ್ತೊಂಬತ್ತರ ಹುಡುಗ ಪುಕ್ಕಟೆ ಗೋಡೆ ಕಟ್ಟುತ್ತಾನೆ, ಕರಣೆ ಹಿಡಿದೇ ಬೆಳೆದವನು ಕೆಲಸ ಇಲ್ಲದೆ ಪಕ್ಕದಲ್ಲಿ ನಿಂತು ನೋಡ್ತಾನೆ.

ಭಾಗ 5/8

ನಿನ್ನೆ ಭಾಗ 4 ಹಾಕಿದ ಮೇಲೆ ಡಿಎಮ್‌ನಲ್ಲಿ ಬಂದ ಮೊದಲ ಪ್ರಶ್ನೆ: ‘ಲೆಕ್ಕ ಸರಿ, ಆದ್ರೆ ಹೋಗದಿದ್ರೆ ಆ ದುಡ್ಡೇ ಬರ್ತಿರಲಿಲ್ಲ ಅಲ್ವಾ?’

ಸರಿಯಾದ ಪ್ರಶ್ನೆ. ಅಜ್ಜಿ ಮೊಮ್ಮಗನ ಪ್ರವಾಸಕ್ಕೆ ಅಂತ 100 ಡಾಲರ್ ಕೊಡ್ತಾಳೆ, ಹೊಂಡುರಾಸಿನ ಯಾವುದೋ ಸಂಸ್ಥೆಗೆ ಕೊಡಲ್ಲ. ಆ 30,000 ಅನ್ನೋದು ಪೂರ್ತಿ ‘ಮನೆ ಕಟ್ಟೋ ದುಡ್ಡು’ ಆಗಿರಲೇ ಇಲ್ಲ. ಅರ್ಧ ದಾನ, ಅರ್ಧ ಮಕ್ಕಳ ಮೇಲಿನ ಪ್ರೀತಿ. ನನಗನ್ನಿಸೋದು, ಖರ್ಚು ತಪ್ಪಲ್ಲ, ಖರ್ಚಿನ ಹೆಡ್ ತಪ್ಪು. ‘ಯುವಕರ ತರಬೇತಿ’ ಅಂತ ಬರೆದರೆ ಯಾರೂ ಕೇಳಲ್ಲ. ‘ಸಂತ್ರಸ್ತರ ನೆರವು’ ಅಂತ ಬರೆದಾಗಲೇ ಆಡಿಟರ್ ಎದ್ದು ಕೂರೋದು.

ಆದರೆ ಈ ವಾದದಲ್ಲಿ ಒಬ್ಬರು ಬಿಟ್ಟುಹೋದ್ರು, ಗಮನಿಸಿದ್ರಾ? ಮನೆ ಪಡೆದವರು. ವರ್ ಬೀಕ್ ಮಾಡಿದ ಒಳ್ಳೆ ಕೆಲಸ ಅಂದ್ರೆ ಅವರನ್ನೇ ಹೋಗಿ ಕೇಳಿದ್ದು. ವಿದೇಶಿ ತಂಡ ಕಟ್ಟಿದ ಮನೆಯಲ್ಲಿರೋ ಕುಟುಂಬ, ಊರವರು ಕಟ್ಟಿದ ಮನೆಯಲ್ಲಿರೋ ಕುಟುಂಬ, ಇಬ್ಬರ ಬದುಕಲ್ಲೂ ವರ್ಷಗಳಾದ ಮೇಲೆ ಏನು ವ್ಯತ್ಯಾಸ? ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ. ವಿದೇಶಿಯರ ಜೊತೆ ಆ ಒಂದು ವಾರ ಕಳೆದದ್ದರಿಂದ ಭಕ್ತಿ ಹೆಚ್ಚಾಗಲಿಲ್ಲ, ಬದುಕು ಬೇರೆ ಥರ ಸುಧಾರಿಸಲಿಲ್ಲ. ವ್ಯತ್ಯಾಸ ಮಾಡಿದ್ದು ಆಮೇಲೂ ಆ ಊರಿಗೆ ಬರ್ತಾ ಇದ್ದ ಸ್ಥಳೀಯ ಸಂಸ್ಥೆ ಎಂಥದ್ದು ಅನ್ನೋದು.

ಬರೋದು ಒಳ್ಳೇದೋ, ದುಡ್ಡು ಕಳಿಸಿ ಹೆಚ್ಚು ಮನೆ ಕಟ್ಟಿಸೋದು ಒಳ್ಳೇದೋ ಅಂತ ಕೇಳಿದಾಗ, ದುಡ್ಡು ಕಳಿಸಿದ್ರೆ ಇನ್ನೂ ಎಷ್ಟೋ ಜನಕ್ಕೆ ಮನೆ ಆಗುತ್ತೆ ಅಂದವರೇ ಹೆಚ್ಚು. ಬಂದವರ ಬಗ್ಗೆ ಸಿಟ್ಟಿಲ್ಲ. ಮನೆಗೆ ಬಂದವರಿಗೆ ನೀರು ಕೊಟ್ಟು ಕೂರಿಸೋ ಜನ, ನಮ್ಮ ಹಾಗೇ. ಎದುರಿಗೆ ನಿಂತು ‘ನೀವು ಬರಬೇಡಿ’ ಅಂತ ಯಾರು ಹೇಳ್ತಾರೆ? ಹೋದವರಿಗೆ ಆ ಉತ್ತರ ಯಾವತ್ತೂ ಕೇಳಿಸದೇ ಇದ್ದದ್ದಕ್ಕೆ ಅದೇ ಕಾರಣ ಅಂತ ನನ್ನ ಊಹೆ.

ಭಾಗ 6/8

‘ಸರಿ, ಅವರಿಗೆ ಉಪಯೋಗ ಆಗದಿದ್ರೂ ಹೋದವರು ಬದಲಾಗಿ ಬರ್ತಾರೆ’ ಅನ್ನೋದು ಎರಡನೇ ಸಮರ್ಥನೆ. ಚರ್ಚುಗಳು ಎಲ್ಲಕ್ಕಿಂತ ಜೋರಾಗಿ ಹೇಳೋದೂ ಇದನ್ನೇ.

ವರ್ ಬೀಕ್ ಅದನ್ನೂ ಅಳೆದರು. ಹೋಗಿ ಬಂದ 127 ಜನರನ್ನ ವಿಚಾರಿಸಿದಾಗ, ಬದುಕಲ್ಲಿ ದೊಡ್ಡ ಒಳ್ಳೆ ಬದಲಾವಣೆ ಆಯ್ತು ಅಂದವರು 16%. ಸ್ವಲ್ಪ ಆಯ್ತು ಅಂದವರು 45%. ಉಳಿದವರದ್ದು ಹೆಚ್ಚುಕಡಿಮೆ ಮೊದಲಿನ ಹಾಗೇ. ಮತ್ತೆ ಇದು ಅವರವರೇ ಹೇಳಿಕೊಂಡದ್ದು. ದಾನ ಕೊಡೋದು ಹೆಚ್ಚು ಮಾಡಿದ್ದೀವಿ ಅಂತ ಎಷ್ಟೋ ಜನ ಹೇಳಿದ್ರು, ಆದರೆ ಸಂಸ್ಥೆಯ ಲೆಕ್ಕದ ಪುಸ್ತಕ ತೆಗೆದು ನೋಡಿದ್ರೆ ಆ ಹೆಚ್ಚಳ ಕಾಣಿಸಲಿಲ್ಲ ಅನ್ನುವಷ್ಟು ಕಮ್ಮಿ. (ಬಿಕಾಂನವರು ಇಲ್ಲಿ ನಗಬಹುದು. ಬಾಯಿಮಾತಿಗೆ ವೋಚರ್ ಇರಲ್ಲ.)

ಅವರು ಕೊಡೋ ಹೋಲಿಕೆ ನನಗೆ ತುಂಬಾ ಹಿಡಿಸಿತು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಅದನ್ನ ತಲೆಕೆಳಗು ಮಾಡಿದ ಹಾಗಿದೆ. ಗಿಡ ಬಗ್ಗುತ್ತೆ ನಿಜ, ಸುಲಭವಾಗಿ ಬಗ್ಗುತ್ತೆ. ಕೈ ಬಿಟ್ಟ ಕೂಡಲೇ ಮತ್ತೆ ನೆಟ್ಟಗಾಗುತ್ತೆ. ಹಾಗೇ ಉಳೀಬೇಕು ಅಂದ್ರೆ ಗೂಟ ನೆಟ್ಟು ಹಗ್ಗ ಕಟ್ಟಬೇಕು, ತಿಂಗಳುಗಟ್ಟಲೆ. ಒಂದು ವಾರದ ಪ್ರವಾಸ ಬಗ್ಗಿಸುತ್ತೆ, ಗೂಟ ನೆಡೋರು ಯಾರೂ ಇಲ್ಲ.

2005ರಲ್ಲಿ ಅವರೂ ರಾಬರ್ಟ್ ಪ್ರೀಸ್ಟ್ ಅನ್ನೋ ಮಾನವಶಾಸ್ತ್ರಜ್ಞರೂ ಇದೇ ವಿಷಯದ ಮೇಲೆ ‘ಕ್ರಿಶ್ಚಿಯಾನಿಟಿ ಟುಡೇ’ ಮೂಲಕ ಒಬ್ಬರಿಗೊಬ್ಬರು ಬಹಿರಂಗ ಪತ್ರ ಬರೆದುಕೊಂಡರು. ಜಗಳ ಅಲ್ಲ, ಚರ್ಚೆ. ಅಷ್ಟು ಮರ್ಯಾದೆಯಿಂದ ಕಾಮೆಂಟ್ ಬಾಕ್ಸಲ್ಲಿ ನಾವು ಮಾತಾಡಿದ್ದು ನನಗಂತೂ ನೆನಪಿಲ್ಲ.

ಭಾಗ 7/8

ಹಾಗಂತ ದೂರದಿಂದ ಬಂದು ಕಟ್ಟೋದೇ ತಪ್ಪಾ? ಇದಕ್ಕೆ ಉತ್ತರ ಹುಡುಕಬೇಕು ಅಂದ್ರೆ ಹೊಂಡುರಾಸ್ ಬಿಟ್ಟು 64 ವರ್ಷ ಹಿಂದೆ, ನಮ್ಮ ಬಿಹಾರಕ್ಕೆ ಬರಬೇಕು.

ಪಿಯರ್ ಸೆರೆಸೋಲ್, ಸ್ವಿಸ್ ಎಂಜಿನಿಯರ್. ತಂದೆ ಒಂದು ಕಾಲಕ್ಕೆ ಸ್ವಿಟ್ಜರ್ಲೆಂಡಿನ ಅಧ್ಯಕ್ಷ. ಮಗ ಯುದ್ಧ ವಿರೋಧಿ ಕ್ರೈಸ್ತ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಫ್ರಾನ್ಸಿನ ವೆರ್ಡನ್ ಹತ್ತಿರದ ಎಸ್ನ್ ಅನ್ನೋ ಹಾಳಾದ ಹಳ್ಳಿಗೆ ಒಂದು ಸಣ್ಣ ತಂಡ ಕಟ್ಟಿಕೊಂಡು ಹೋದ. ತಂಡದಲ್ಲಿ ಜರ್ಮನ್ನರೂ ಇದ್ರು! ಯೋಚಿಸಿ, ಊರು ಸುಟ್ಟ ದೇಶದವರೇ ಬಂದು ಕಲ್ಲು ಹೊತ್ತರೆ ಹೇಗಿರುತ್ತೆ. ಹೆಚ್ಚು ದಿನ ನಡೀಲಿಲ್ಲ, ಐದು ತಿಂಗಳಿಗೆ ನಿಲ್ಲಿಸಬೇಕಾಯ್ತು. ಆದರೆ ಅಲ್ಲಿಂದ ಹುಟ್ಟಿದ್ದು ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಅನ್ನೋ ಸಂಸ್ಥೆ, ಇವತ್ತಿಗೂ ಇದೆ.

1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪ ಆಯ್ತು. ಗಾಂಧೀಜಿ ಅದನ್ನ ಅಸ್ಪೃಶ್ಯತೆಯ ಪಾಪಕ್ಕೆ ಶಿಕ್ಷೆ ಅಂದದ್ದು, ಟಾಗೋರ್ ಅದನ್ನ ಒಪ್ಪದೆ ಬರೆದದ್ದು ನಿಮಗೆ ಗೊತ್ತಿರಬಹುದು. ಸೆರೆಸೋಲ್‌ಗೆ ಗಾಂಧೀಜಿಯ ಪರಿಚಯ ಇತ್ತು, 1931ರಲ್ಲಿ ಅವರು ಸ್ವಿಟ್ಜರ್ಲೆಂಡಿಗೆ ಹೋಗಿದ್ದಾಗಿನಿಂದ. ಭೂಕಂಪದ ಸುದ್ದಿ ಕೇಳಿದಾಗ ಅವನು ಮಾಡಿದ ಮೊದಲ ಕೆಲಸ ತಂಡ ಕಳಿಸೋದಲ್ಲ. ತಾನೊಬ್ಬನೇ ಬಂದ. ನೋಡಿದ, ಪರಿಹಾರ ಕೆಲಸ ನಡೆಸ್ತಿದ್ದ ರಾಜೇಂದ್ರ ಪ್ರಸಾದರನ್ನ ಕಂಡ, ಏನು ಬೇಕು ಅಂತ ಕೇಳಿದ, ವಾಪಸ್ ಹೋದ. ಆಮೇಲೆ ಬಂದದ್ದು ಎಷ್ಟು ಜನ ಗೊತ್ತಾ? ಬೆರಳೆಣಿಕೆ. ಮುಜಫರ್‌ಪುರದ ಕಡೆ ನೆರೆ ಪದೇ ಪದೇ ನುಗ್ಗುತ್ತಿದ್ದ ಜಾಗದಿಂದ ಹಳ್ಳಿಯವರನ್ನ ಎತ್ತರದ ಜಾಗಕ್ಕೆ ತರೋ ಕೆಲಸ ಅದು, ಕಟ್ಟಿದವರಲ್ಲಿ ಹೆಚ್ಚಿನವರು ಆ ಊರವರೇ. 1937ರವರೆಗೆ ಅವನು ಮತ್ತೆ ಮತ್ತೆ ಬಂದ. ಹಿಂದಿ ಕಲಿಯೋಕೆ ಒದ್ದಾಡಿದ.

ಮೂರು ವರ್ಷ, ಬೆರಳೆಣಿಕೆಯ ಜನ. ಹೊಂಡುರಾಸಲ್ಲಿ ಒಂದು ವಾರ, ಸಾಲು ಸಾಲು ಜನ. ಇವರೂ ಬೈಬಲ್ ಓದೋರೇ, ಅವರೂ ಬೈಬಲ್ ಓದೋರೇ.

ಭಾಗ 8/8

ವರ್ ಬೀಕ್ ಕಥೆ ಒಂದು ಬಾಕಿ. 1998ರಲ್ಲೇ ಅವರೂ, ಕಾರ್ಲೋಸ್ ಹೆರ್ನಾಂಡೆಸ್ ಅನ್ನೋ ಹೊಂಡುರಾಸಿನ ಗೆಳೆಯರೂ, ಇನ್ನೂ ಕೆಲವರೂ ಸೇರಿ ಒಂದು ಸಂಸ್ಥೆ ಕಟ್ಟಿದ್ರು. ಹೆಸರಿನ ಅರ್ಥ ‘ಇನ್ನಷ್ಟು ನ್ಯಾಯವಾದ ಸಮಾಜಕ್ಕಾಗಿ ಸಂಘ’. ಅವರು ಹಿಡಿದದ್ದು ಬೇರೆ ಕೆಲಸ: ಬಡವರ ಮನೆ ಜಾಗಕ್ಕೆ ಹಕ್ಕುಪತ್ರ, ಕಾವಲುಗಾರರಿಗೂ ಕಸ ಗುಡಿಸೋರಿಗೂ ಬರಬೇಕಾದ ಸಂಬಳ. ಫೋಟೋ ಚೆನ್ನಾಗಿ ಬರೋ ಕೆಲಸ ಅಲ್ಲ. ಆ ಸಂಸ್ಥೆಯ ವಕೀಲ ಡಿಯೊನಿಸಿಯೊ ಡಿಯಾಸ್ ಗಾರ್ಸಿಯಾ ಅವರನ್ನ 2006ರ ಡಿಸೆಂಬರ್ 4ರಂದು ಟೆಗುಸಿಗಾಲ್ಪಾದ ರಸ್ತೆಯಲ್ಲಿ ಗುಂಡಿಟ್ಟು ಕೊಂದ್ರು. ಕೊಂದವರು ಬೈಕಲ್ಲಿ ಬಂದಿದ್ರು. ಸಂಸ್ಥೆ ಮುಚ್ಚಲಿಲ್ಲ.

ಈಗ ನನ್ನದು. 2024ರ ಜುಲೈ 30ಕ್ಕೆ ವಯನಾಡಲ್ಲಿ ಗುಡ್ಡ ಕುಸೀತು, ಮುಂಡಕ್ಕೈ, ಚೂರಲ್ಮಲ ಕೊಚ್ಚಿ ಹೋದವು. ನಾವಿರೋದು ಮೈಸೂರು, ಬೆಳಿಗ್ಗೆ ಬಿಟ್ಟರೆ ಮಧ್ಯಾಹ್ನದೊಳಗೆ ವಯನಾಡು. ನಮ್ಮ ಚರ್ಚಿನ ಯೂತ್ ಗ್ರೂಪಿನಿಂದ 18 ಜನ ಹೋಗೋದು ಅಂತಾಯ್ತು. ಸಭೆಯ ಮುಂದೆ ನಿಲ್ಲಿಸಿ ಪ್ರಾರ್ಥನೆಯೂ ಆಯ್ತು. ‘ನೀನು ಬಿಕಾಂ ಅಲ್ವೇನಮ್ಮ, ಲೆಕ್ಕ ನೀನೇ ನೋಡ್ಕೋ’ ಅಂದ್ರು ಪಾಸ್ಟರ್. ಆಗ ನಾನು ಫಸ್ಟ್ ಸೆಮ್, ಜರ್ನಲ್ ಎಂಟ್ರಿಯೇ ತಪ್ತಿತ್ತು.

ಒಟ್ಟಾದದ್ದು 74,000. ಮಿನಿಬಸ್ 22,000. ಉಳಿಯೋದು, ಊಟ 19,000. ಟೀಶರ್ಟ್ 4,500. ಗ್ಲೌಸು, ಬೂಟು 2,500. ಕೂಡಿದ್ರೆ 48,000. ಅಲ್ಲಿನವರಿಗೆ ಅಂತ ಉಳಿಯೋದು 26,000.

ಕಮಿಟಿಯಲ್ಲಿ ಇದನ್ನ ಓದಿ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಯೂತ್ ಲೀಡರ್ ಅಕ್ಕ, ‘ನಾವು ಹೋಗ್ತೀವಿ ಅಂತಾನೇ ಕಣೇ ಜನ ಈ ದುಡ್ಡು ಕೊಟ್ಟಿದ್ದು’ ಅಂದ್ರು. ಭಾಗ 5ರ ಪ್ರಶ್ನೆ, ಅಕ್ಷರಶಃ. ಆಗ ನನ್ನ ಹತ್ರ ಉತ್ತರ ಇರಲಿಲ್ಲ, ವರ್ ಬೀಕ್ ಹೆಸರೂ ಕೇಳಿರಲಿಲ್ಲ. ಅಲ್ಲಿನ ಒಂದು ಚರ್ಚಿಗೆ ಫೋನ್ ಮಾಡಿ ಕೇಳೋಣ ಅಂದೆ, ಅಷ್ಟೇ. ಫೋನ್ ಎತ್ತಿದವರು ಒಬ್ಬರು ವಯಸ್ಸಾದ ಅಚ್ಚನ್. ಬಟ್ಟೆ ರಾಶಿ ಬಿದ್ದಿದೆ, ಇನ್ನು ಬಟ್ಟೆ ಬೇಡ, ಆದ್ರೆ ವೈರಿಂಗ್ ಮಾಡೋರು ಇದ್ರೆ ಕಳಿಸಿ ಅಂದ್ರು.

ನಮ್ಮ 18 ಜನರಲ್ಲಿ ವೈರಿಂಗ್ ಗೊತ್ತಿದ್ದದ್ದು ಇಬ್ಬರಿಗೆ. ಐಟಿಐ ಹುಡುಗರು. ಅವರಿಬ್ಬರೂ ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ಹೋದ್ರು, ಒಂಬತ್ತು ದಿನ ಇದ್ರು. ಕೊಟ್ಟವರನ್ನೆಲ್ಲ ಕೇಳಿಯೇ ಮಿಕ್ಕ ದುಡ್ಡು ಕಳಿಸಿದ್ವಿ. ಇಬ್ಬರು ಮಾತ್ರ ವಾಪಸ್ ಕೇಳಿದ್ರು, ಕೊಟ್ವಿ. ಕೆಲವರಿಗೆ ನನ್ನ ಮೇಲೆ ಇವತ್ತಿಗೂ ಬೇಜಾರಿದೆ, ಗೊತ್ತು. ಹೋಗಬೇಕು ಅಂತ ಮನಸ್ಸು ಮಾಡಿ ಬ್ಯಾಗ್ ತುಂಬಿಟ್ಟುಕೊಂಡಿದ್ರು, ನಾನೂ ತುಂಬಿಟ್ಟುಕೊಂಡಿದ್ದೆ.

ಟೀಶರ್ಟ್ ಆಗಲೇ ಪ್ರಿಂಟ್ ಆಗಿತ್ತು, ಹದಿನೆಂಟೂ. ನಮ್ಮಮ್ಮ ನನ್ನದನ್ನ ಹಾಕ್ಕೊಂಡು ಬಟ್ಟೆ ಒಗೀತಾರೆ. ಮಿನಿಬಸ್ಸಿನವರು 5,000 ಅಡ್ವಾನ್ಸ್ ವಾಪಸ್ ಕೊಡಲಿಲ್ಲ. ಅದನ್ನ ಯಾವ ಹೆಡ್‌ನಲ್ಲಿ ತೋರಿಸಬೇಕು ಅಂತ ಗೊತ್ತಾಗದೆ ‘ಪ್ರಯಾಣ ವೆಚ್ಚ’ ಅಂತಾನೇ ಬರೆದಿದ್ದೀನಿ.

ಚೊಲುಟೆಕಾ ಸೇತುವೆಗೆ ರಸ್ತೆ ಮತ್ತೆ ಸೇರಿದ್ದು 2003ರಲ್ಲಿ. ಕೊನೆಯ ಫೋಟೋ ಅದೇ.

(2010ರ ಹೈಟಿ ಭೂಕಂಪದ ಬಗ್ಗೆ ಕೇಳಿದವರಿಗೆ: ಅದಕ್ಕೆ ಬೇರೆ ಸರಣಿಯೇ ಬೇಕು. ಇಂಟರ್ನಲ್ಸ್ ಮುಗೀಲಿ.)

#ಇತಿಹಾಸ #ಹೊಂಡುರಾಸ್ #ಮಿಚ್ #ಕನ್ನಡದಲ್ಲಿಇತಿಹಾಸ #ಬಿಕಾಂಹುಡುಗಿಯಲೆಕ್ಕ